ಅವ್ವ ನೋಡಿದ ಅಮೆರಿಕದ ಕೌದಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುರೇಬಾನದಿಂದ ರಾಮದುರ್ಗಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಿ.ಎ. ಮುಗಿಸಿದವಳು. ಕೊನೆಯ ವರ್ಷ ಪ್ರತಿಯೊಬ್ಬರೂ ಯಾವುದಾದರೊಂದು ಕಲೆಯ ಬಗ್ಗೆ ಪ್ರಬಂಧ ಬರೆದು ತರಗತಿಯಲ್ಲಿ ಓದಬೇಕಿತ್ತು. ಅಮೆರಿಕದ ಹತ್ತಿ ಬೆಳೆಯುವ ಸೀಮೆಯಲ್ಲಿ ಕಪ್ಪು ಹೆಂಗಸರು ಹಳೆ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು ನಾನು ಆರಿಸಿಕೊಂಡೆ.

ಪಾಠ ಹೇಳುವ ಸರ್ ನಕ್ಕರು. "ಅಮೆರಿಕದ ಕಲಾ ನಿನಗೇನ್ ತಿಳೀತೈತಿ ತಂಗಿ? ನಿಮ್ಮೂರ ಕೌದಿ ಬಗ್ಗೆ ಬರಿ. ಅದಾದ್ರ ನಿನಗ ಹೊಂದತೈತಿ."

ಆ ಮಾತು ಚುಚ್ಚಿತು. ಪೇಟೆಯ ಹುಡುಗರು ಯಾವ ದೇಶದ ಚಿತ್ರವನ್ನಾದರೂ ಆರಿಸಬಹುದು. ನಾನು ಮಾತ್ರ ನನ್ನ ಹಾಸಿಗೆ ಬಿಟ್ಟು ಏಳಬಾರದು!

ಮನೆಗೆ ಬಂದು ಮೊಬೈಲಿನಲ್ಲಿದ್ದ ಅಂಥದೊಂದು ಕೌದಿಯ ಫೋಟೊ ಅವ್ವನಿಗೆ ತೋರಿಸಿದೆ. ಅವ್ವ ಶಾಲೆ ಕಂಡವಳಲ್ಲ; ಊರವರಿಗೆಲ್ಲ ಕೌದಿ ಹೊಲಿದುಕೊಡುವವಳು.

"ಈಕಿ ಗಂಡನ ಪ್ಯಾಂಟ್ ಹರದು ಹಾಕ್ಯಾಳ ನೋಡು. ಇಲ್ಲಿ ಕಿಸೆ ಬಿಚ್ಚ್ಯಾಳ, ಅಷ್ಟ ಜಾಗಾ ನೀಲಿ ಉಳದೈತಿ. ಬಾಕಿದ್ದೆಲ್ಲಾ ಬಿಸಲಿಗೆ ಬಣ್ಣ ಹೋಗೇತಿ."

ಅಡ್ಡ ಹಾಯ್ದ ಕೆಂಪು ಪಟ್ಟಿಯ ಮೇಲೆ ಅವಳ ಬೆರಳು ನಿಂತಿತು.

"ಇದನ್ಯಾಕ ಸೊಟ್ಟ ಇಟ್ಟಾಳ? ಬಟ್ಟಿ ಸಾಲದ್ದಕ್ಕಲ್ಲ, ಬೇಕಂತ ಇಟ್ಟಾಳ. ಯಾಕಂತ ನನಗ ತಿಳೀವಲ್ದು. ಧೈರ್ಯದಾಕಿ ಬಿಡವಾ." ಆಮೇಲೆ ಕೇಳಿದಳು: "ಇದರ ಹೊಟ್ಟಿ ತುಂಬಿಸಿರ್ತಾರಲ್ಲ?"

ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು.

"ಹೂಂ ಬೇ, ತುಂಬಿಸಿರ್ತಾರ," ಎಂದುಬಿಟ್ಟೆ. ಪ್ರಬಂಧದಲ್ಲೂ ಹಾಗೇ ಬರೆದೆ.

ಓದುವಾಗ ಸರ್ ಅದನ್ನೇ ಹಿಡಿದರು. "ಅಲ್ಲಿ ಹೋಳಿಗಿ ಯಾರ್ ಮಾಡ್ತಾರವಾ?"

ತರಗತಿ ಗೊಳ್ಳೆಂದಿತು. ತಪ್ಪು ನನ್ನದೇ. ನಮ್ಮ ಪದ್ಧತಿಯನ್ನು ಕೇಳದೆಯೇ ಆ ಹೆಂಗಸರ ತಲೆಗೆ ಕಟ್ಟಿದ್ದೆ. ಎಲ್ಲರೆದುರೇ ಆ ಸಾಲು ಹೊಡೆದುಹಾಕಿದೆ.

"ಸಾಕು, ಕೂಡು ಇನ್ನ."

"ಇಲ್ರಿ ಸರ್. ತಪ್ಪಿದ್ದು ಒಂದ ಸಾಲು. ಉಳದದ್ದು ಓದತೇನಿ."

ಓದಿದೆ. ಅವ್ವ ಕಂಡದ್ದನ್ನೂ ಓದಿದೆ, ಅವ್ವನಿಗೆ ತಿಳಿಯದ್ದನ್ನೂ ಓದಿದೆ. ಯಾರೂ ನಗಲಿಲ್ಲ. ಕೊನೆಯ ಪುಟದ ಆಧಾರಗಳ ಪಟ್ಟಿಯಲ್ಲಿ ಎರಡು ಪುಸ್ತಕಗಳ ಕೆಳಗೆ ಅವ್ವನ ಹೆಸರಿತ್ತು.

"ಇದನ್ನ ತಗದು ಕೊಡು. ಇಲ್ಲಾಂದ್ರ ಮಾರ್ಕ್ಸ್ ಹೋಗತಾವ," ಎಂದರು ಸರ್.

"ಹೋಗ್ಲಿ ಬಿಡ್ರಿ."

ಹೋದವು. ಹೆಸರು ಹೋಗಲಿಲ್ಲ.