ಮೂವತ್ತು ಸಿನಿಮಾಗಳಿಗೆ ಒಂದು ಹೂಂ

ನಾನೊಬ್ಬ ಕಳ್ಳ. ಗಾಬರಿಯಾಗಬೇಡಿ, ನಿಮ್ಮ ಕಪಾಟಿನ ಬೀಗ ಭದ್ರವಾಗಿಯೇ ಇದೆ. ನಾನು ಕದ್ದದ್ದು ಪ್ರಶ್ನೆಗಳನ್ನು. ಒಟ್ಟು ಇಪ್ಪತ್ತೈದು. ಎಲ್ಲವನ್ನೂ ಒಬ್ಬರೇ ಮುದುಕಿಯಿಂದ, ಹಾಡಹಗಲಲ್ಲಿ, ಮುಟ್ಟಳ್ಳಿಯ ನಮ್ಮ ಮನೆಯ ಜಗಲಿಯಲ್ಲೇ ಕೂತು ಕದ್ದೆ. ಕದ್ದ ಮಾಲನ್ನು ಮೊಬೈಲಿನ ಒಂದು ಗುಂಪಿನಲ್ಲಿ ನನ್ನದೆಂದು ಹಾಕಿ ಮೆಚ್ಚುಗೆಯನ್ನೂ ಪಡೆದೆ. ಅರವತ್ತನಾಲ್ಕು ವರ್ಷ ಬದುಕಿದ ಮೇಲೆ ಮೊದಲ ಸಲ ನಾಲ್ಕು ಜನ ನನ್ನನ್ನು ಬುದ್ಧಿವಂತ ಎಂದು ನಂಬಿದ್ದರು. ಆ ನಂಬಿಕೆ ಕೈತಪ್ಪೀತು ಎಂಬ ಭಯದಲ್ಲಿ ಕಳೆದ ಏಪ್ರಿಲ್ ತಿಂಗಳನ್ನು ಹೇಗೆ ದೂಡಿದೆ ಎನ್ನುವುದನ್ನು ನಿಮಗೆ ಹೇಳಿಬಿಟ್ಟರೆ ಎದೆ ಸ್ವಲ್ಪ ಹಗುರಾದೀತು.

ಇದಕ್ಕೆಲ್ಲ ಮೂಲ ನನ್ನ ತಂಗಿಯ ಮಗಳು ಅಪರ್ಣಾ. ಕುಮಟಾದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ, ಮನೆ ಮಿರ್ಜಾನದಲ್ಲಿ. ಅವಳೂ ಅವಳ ಏಳು ಜನ ಗೆಳೆಯರೂ ಪ್ರತಿ ಬೇಸಿಗೆಯಲ್ಲಿ ಒಂದು ಸವಾಲು ಹಾಕಿಕೊಳ್ಳುತ್ತಾರೆ. ಮೂವತ್ತು ದಿನ, ಮೂವತ್ತು ಸಿನಿಮಾ, ಎಲ್ಲವೂ ವಿಜ್ಞಾನದ ಕಲ್ಪನೆಯವು ಇಲ್ಲವೇ ಮಾಯಾಲೋಕದವು. ದಿನಕ್ಕೊಂದು ವಿಷಯ: ಕಾಲದಲ್ಲಿ ಹಿಂದಕ್ಕೆ ಹೋಗುವುದು, ಮನುಷ್ಯನಂಥ ಯಂತ್ರ, ಬೇರೆ ಗ್ರಹ, ಮಾತಾಡುವ ಪ್ರಾಣಿ, ಹೀಗೆ ಮೂವತ್ತು ಚೌಕಗಳ ಒಂದು ಪಟ್ಟಿ. ಸಿನಿಮಾವನ್ನು ಅವರೇ ಆರಿಸುತ್ತಾರೆ, ಎಲ್ಲರೂ ಅದನ್ನೇ ನೋಡುತ್ತಾರೆ. ನಿಯಮ ಎರಡೇ. ಮಧ್ಯೆ ಓಡಿಸದೆ ಪೂರ್ತಿ ನೋಡಬೇಕು, ನೋಡಿದ ಮೇಲೆ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಬೇಕು. ಅಭಿಪ್ರಾಯ ಬೇಡ, ಅಂಕ ಬೇಡ, ಒಂದೇ ಒಂದು ಪ್ರಶ್ನೆ.

"ಸೇರ್ಕಳಿ ಮಾವಾ, ಎಂತ ಕೆಲಸ ಅದೆ ನಿಮಗೆ?" ಎಂದಳು. ನಿಜಕ್ಕೂ ಯಾವ ಕೆಲಸವೂ ಇರಲಿಲ್ಲ. ಸೇರಿದೆ.

ಸೇರಿದ ಮೇಲೆ ಗೊತ್ತಾದದ್ದು ನನ್ನ ಇಂಗ್ಲಿಷಿನ ಅಳತೆ. ನಾನು ಹೊನ್ನಾವರದ ದೂರವಾಣಿ ಕೇಂದ್ರದಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವನು, ಆಪರೇಟರ್ ಆಗಿ ಸೇರಿದವನು. ನನ್ನದು ಟ್ರಂಕ್ ಕಾಲಿನ ಇಂಗ್ಲಿಷ್, ಮೂರು ನಿಮಿಷಕ್ಕೆ ಮುಗಿಯುತ್ತದೆ. ಸಿನಿಮಾಗಳೋ ಎರಡೆರಡು ಗಂಟೆಯವು. ಪರದೆಯ ಅಡಿಯಲ್ಲಿ ಓಡುವ ಅಕ್ಷರಗಳನ್ನು ಓದೋಣವೆಂದರೆ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವು ಶರಾವತಿ ಸೇತುವೆ ದಾಟಿಬಿಡುತ್ತಿದ್ದವು. ಹಾಗಾಗಿ ಮೊದಲ ನಾಲ್ಕು ದಿನ ನಾನು ಕೇಳಿದ ಪ್ರಶ್ನೆಗಳು ಈ ಜಾತಿಯವು: 'ಈ ಚಿತ್ರ ಇಷ್ಟು ಉದ್ದ ಇರಬೇಕಿತ್ತೇ?' ಗುಂಪಿನಲ್ಲಿ ಯಾರೂ ಉತ್ತರಿಸಲಿಲ್ಲ. ಹಿರಿಯರೆಂಬ ಗೌರವಕ್ಕೆ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ನನ್ನ ಹೆಂಡತಿ ಸುಮಿತ್ರಾಗೆ ಇದನ್ನು ಹೇಳಿಕೊಂಡರೆ ಅವಳು ಹೂ ಕೊಯ್ಯುವುದನ್ನು ನಿಲ್ಲಿಸದೆಯೇ, "ನಲವತ್ತು ವರ್ಷದಿಂದ ನಿಮ್ಮದು ಒಂದೇ ಪ್ರಶ್ನೆ, ಚಾ ಆತಾ ಅಂತ. ಈಗ ಬೇರೆ ಎಲ್ಲಿಂದ ಬರಬೇಕು?" ಎಂದಳು.

ಸುಮಿತ್ರಾ ಹಿತ್ತಲಲ್ಲಿ ಮಲ್ಲಿಗೆ ಬೆಳೆಸಿದ್ದಾಳೆ. ಮೊಗ್ಗು ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲು ಭಟ್ಕಳ ಪೇಟೆಗೆ ಮುಟ್ಟಿಸಬೇಕು. ಕಟ್ಟುವುದಕ್ಕೆ ಎರಡು ಗದ್ದೆ ಆಚೆಯಿಂದ ದೇವಿಯಕ್ಕ ಬರುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು. ಒಂದು ಕಾಲದಲ್ಲಿ ನಮ್ಮ ಊರಲ್ಲಿ ಅವರ ದನಿ ಏಳದೆ ನಾಟಿ ಶುರುವಾಗುತ್ತಿರಲಿಲ್ಲ. ಅವರು ಒಂದು ಸಾಲು ಹಾಡಿದರೆ ಗದ್ದೆಯಲ್ಲಿದ್ದ ಹೆಂಗಸರೆಲ್ಲ ಬಗ್ಗಿದಲ್ಲಿಂದಲೇ ಅದನ್ನು ತಿರುಗಿ ಹಾಡುತ್ತಿದ್ದರು. ಈಗ ನಾಟಿಗೆ ಯಂತ್ರ ಬಂದಿದೆ, ಹಾಡುಗಳು ಅವರೊಬ್ಬರಲ್ಲೇ ಉಳಿದಿವೆ. ಒಂದು ಕಣ್ಣಿಗೆ ಪೊರೆ ತೆಗೆದರೂ ದೃಷ್ಟಿ ಸರಿಯಾಗಿ ಮರಳಿಲ್ಲ, ಇನ್ನೊಂದು ಸರದಿ ಕಾಯುತ್ತಿದೆ. ಮೊಗ್ಗನ್ನು ಬೆರಳಲ್ಲೇ ನೋಡಿ ಕಟ್ಟುತ್ತಾರೆ.

ಐದನೆಯ ದಿನ ನಾನು ಒಳಕೋಣೆಯ ಟೀವಿಯಲ್ಲಿ ಸಿನಿಮಾ ಹಚ್ಚಿದ್ದಾಗ ಜಗಲಿಯಿಂದ ಅವರ ದನಿ ಬಂತು. "ಎಂತ ತಮಾ ಅದು? ಯಾರೋ ಕೂಗ್ತಾ ಇದ್ರಲ್ಲ?"

"ಸಿನಿಮಾ ದೇವಿಯಕ್ಕ. ಒಬ್ಬ ಮನುಷ್ಯ ಐವತ್ತು ವರ್ಷ ಹಿಂದೆ ಹೋಗಿ ತನ್ನ ಊರು ನೋಡ್ತಾ ಇದ್ದ."

"ನಂಗೆ ಕಾಣುದಿಲ್ಲ. ನೀ ಹೇಳು, ನಾ ಹೂಂ ಹೇಳ್ತೆ."

ಹೊಸಿಲ ಮೇಲೆ ಕೂತೆ. ಒಂದು ಕಣ್ಣು ಟೀವಿಯ ಮೇಲೆ, ಬಾಯಿ ಜಗಲಿಯ ಕಡೆಗೆ. ಪ್ರತಿ ವಾಕ್ಯಕ್ಕೂ ಅವರು 'ಹೂಂ' ಎನ್ನುತ್ತಿದ್ದರು. ಮೊದಲಿಗೆ ಅದೊಂದು ಅಡಚಣೆಯೆನಿಸಿತು. ಹತ್ತು ನಿಮಿಷದಲ್ಲಿ, ಅವರ 'ಹೂಂ' ಬರುವವರೆಗೂ ನಾನು ಮುಂದಿನ ವಾಕ್ಯ ಹೇಳದೆ ಕಾಯುತ್ತಿದ್ದೇನೆ ಎಂಬುದು ನನಗೇ ಗೊತ್ತಾಯಿತು. ನಿಮ್ಮ ಮನೆಯಲ್ಲೂ ಕತೆ ಹೇಳುವ ಅಜ್ಜಿ ಇದ್ದಿದ್ದರೆ ಈ ಕಟ್ಟಳೆ ನಿಮಗೂ ಗೊತ್ತು. ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ದೇವಿಯಕ್ಕ ಹೇಳಿದರು: "ಹೂಂ ಹೇಳ್ದೇ ಇದ್ರೆ ಕತೆ ಯಾರ ಮನೆಗೆ ಹೋಗುದು ತಮಾ? ಬಾಗ್ಲು ತೆಗೀಬೇಕಲ್ಲ."

ನನಗೆ ನನ್ನ ಹಳೆಯ ಕೆಲಸ ನೆನಪಾಯಿತು. ಟ್ರಂಕ್ ಕಾಲಿನಲ್ಲಿ ಈಚೆಯವರು ಎಷ್ಟೇ ಮುಖ್ಯವಾದ ಸುದ್ದಿ ಹೇಳುತ್ತಿರಲಿ, ಆಚೆ ಕಡೆ ಎರಡು ಕ್ಷಣ ಮೌನವಾದರೆ ಸಾಕು, ಸುದ್ದಿ ಬಿಟ್ಟು 'ಹಲೋ, ಹಲೋ' ಎಂದು ಕಿರುಚತೊಡಗುತ್ತಿದ್ದರು. ಕೆಲವೊಮ್ಮೆ ಲೈನು ಸರಿಯಾಗಿಯೇ ಇರುತ್ತಿತ್ತು, ಆಚೆಯವರು ಸುಮ್ಮನೆ ಅಳುತ್ತಿರುತ್ತಿದ್ದರು. ನಡುವೆ ಕೂತ ನಾನು "ಕೇಳ್ತಾ ಇದ್ದಾರೆ, ಮಾತಾಡಿ" ಎನ್ನಬೇಕಾಗುತ್ತಿತ್ತು. ಆ ಕೆಲಸಕ್ಕೂ ಸರ್ಕಾರ ಸಂಬಳ ಕೊಡುತ್ತಿತ್ತು.

ಇರಲಿ, ಸಿನಿಮಾಕ್ಕೆ ಬರೋಣ. ಹಿಂದಕ್ಕೆ ಹೋದ ಮನುಷ್ಯ ತನ್ನ ತಾಯಿಯ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ದೇವಿಯಕ್ಕನ ಕೈ ನಿಂತಿತು. "ಅಷ್ಟು ದೂರದಿಂದ ಬಂದವ ಕೈಯಲ್ಲಿ ಎಂತ ತಂದ? ತಾಯಿ ಮನೆಗೆ ಬರಿಗೈಲಿ ಹೋಗುದಾ?"

ನಾನು ಸುಮ್ಮನೆ ಅದನ್ನೇ ಗುಂಪಿಗೆ ಹಾಕಿದೆ. 'ಭವಿಷ್ಯದಿಂದ ಬಂದವನು ತನ್ನ ತಾಯಿಗೆ ಏನು ತಂದ?' ಅರ್ಧ ತಾಸಿನಲ್ಲಿ ಮೊಬೈಲು ಗುಣುಗುಟ್ಟತೊಡಗಿತು. ಭವಿಷ್ಯ ಹಿಂದಿನವರಿಗೆ ಏನು ಕೊಡಬಲ್ಲದು, ಸುದ್ದಿಯೇ ಉಡುಗೊರೆಯೇ, ಎಂದೆಲ್ಲ ಚರ್ಚೆ. ಅಪರ್ಣಾ ಬರೆದಳು: 'ಮಾವಾ, ನೀವು ಇಷ್ಟು ದಿನ ಎಲ್ಲಿದ್ರಿ?' ಜಗಲಿಯಲ್ಲಿದ್ದೆ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಕಳ್ಳತನ ಶುರುವಾದದ್ದು ಹೀಗೆ.

ಆಮೇಲೆ ದಿನವೂ ಇದೇ ನಡೆಯಿತು. ಯಂತ್ರದ ಹೆಣ್ಣಿನ ಸಿನಿಮಾಕ್ಕೆ ಅವರು ಕೇಳಿದ್ದು, "ಇಡೀ ದಿನ ಕೆಲಸ ಮಾಡ್ತದೆ, ಹಾಡುದಿಲ್ವಾ? ಮತ್ತೆ ಬೇಜಾರು ಹೆಂಗೆ ಕಳೀತದೆ?" ಕಣ್ಣಿಗೆ ಕಾಣದ ಮನುಷ್ಯನ ಸಿನಿಮಾಕ್ಕೆ, "ಅವನ ಬಟ್ಟೆ ಯಾರು ಒಗೀತ್ರು?" ಹೊಸ ಗ್ರಹಕ್ಕೆ ಇಳಿದವರು ಬಾವುಟ ನೆಟ್ಟಾಗ, "ಯಾರ ಹತ್ರ ಕೇಳಿ ನೆಟ್ರು?" ವಿಜ್ಞಾನದ ಚಿತ್ರಕ್ಕೂ ಮಾಯಾಲೋಕದ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ನಾನೊಮ್ಮೆ ಅವರಿಗೆ ವಿವರಿಸಿದೆ. ಒಂದರಲ್ಲಿ ಯಂತ್ರದಿಂದ ಹಾರುತ್ತಾರೆ, ಇನ್ನೊಂದರಲ್ಲಿ ಮಂತ್ರದಿಂದ. ಅವರು ಮೊಗ್ಗು ಪೋಣಿಸುತ್ತ, "ಎರಡೂ ನಂಗೆ ತಿಳೀದೇ ಇದ್ದಂಗೇ ಹಾರ್ತದಲ್ಲ ತಮಾ" ಎಂದರು.

ಒಂದು ವಿಷಯ ಮಾತ್ರ ನನಗೆ ಸೋಜಿಗವೆನಿಸಿತು. ಹಾರುವುದು, ಮಾಯವಾಗುವುದು, ಎರಡು ತಲೆಯ ಪ್ರಾಣಿ, ಇವಾವುವೂ ದೇವಿಯಕ್ಕನಿಗೆ ಅಚ್ಚರಿಯ ಸಂಗತಿಗಳೇ ಅಲ್ಲ. ಯೋಚಿಸಿದರೆ ನಾವೆಲ್ಲ ಹಾಗೆಯೇ. ಇಡಗುಂಜಿಗೆ ಹೋಗಿ ಆನೆಯ ಮೊಗದ ದೇವರೆದುರು ನಿಂತು 'ಅರೆ, ಇದು ಹೇಗೆ ಸಾಧ್ಯ' ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಪ್ರಸಾದದ ಪಂಚಕಜ್ಜಾಯ ಎಲ್ಲಿ ಕೊಡುತ್ತಾರೆ ಎಂದು ಕೇಳುತ್ತೇವೆ. ಅದ್ಭುತವನ್ನು ಒಪ್ಪಿಕೊಂಡು, ಊಟ ಬಟ್ಟೆ ನೆಂಟಸ್ತಿಕೆಯ ಬಗ್ಗೆ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ಗುಂಪಿನ ಎಳೆಯರಿಗೆ ಅದೇ ದೊಡ್ಡ ತತ್ತ್ವವಾಗಿ ಕಾಣುತ್ತಿತ್ತು.

ಆದರೆ ನನ್ನ ಕಳ್ಳತನದೊಳಗೆ ಇನ್ನೊಂದು ಮೋಸವಿತ್ತು. ನಾನು ಹೇಳುತ್ತಿದ್ದ ಕತೆ ಸಿನಿಮಾದ ಕತೆಯೇ ಎಂಬ ಖಾತರಿ ನನಗೇ ಇರಲಿಲ್ಲ! ಅರ್ಥವಾಗದ ಕಡೆ ಅಂದಾಜಿನಲ್ಲಿ ತುಂಬಿಸುತ್ತಿದ್ದೆ. ಹೂಂ ಎನ್ನುವವರು ಎದುರಿಗಿರುವಾಗ ನಿಲ್ಲಿಸುವುದು ಹೇಗೆ? ಒಂದು ಸಿನಿಮಾದಲ್ಲಿ ಒಂದೇ ಮುಖದ ಇಬ್ಬರು ಬಂದರು. ಅವಳಿ ಅಣ್ಣತಮ್ಮಂದಿರೆಂದು ಹೇಳಿದೆ, ಅವರನ್ನು ಅಗಲಿದ ತಾಯಿಯೊಬ್ಬಳನ್ನೂ ಸೇರಿಸಿದೆ. ದೇವಿಯಕ್ಕ ಕಣ್ಣೊರೆಸಿಕೊಂಡು, ತಾಯಿ ಇಬ್ಬರಲ್ಲಿ ಯಾರ ಕನಸಿಗೆ ಬರುತ್ತಾಳೆ ಎಂದು ಕೇಳಿದರು. ನಾನದನ್ನು ಹಾಗೇ ಗುಂಪಿಗೆ ಸಾಗಿಸಿದೆ. ಅಸಲಿಗೆ ಆ ಇಬ್ಬರಲ್ಲಿ ಒಬ್ಬ ಪ್ರಯೋಗಾಲಯದಲ್ಲಿ ತಯಾರಾದ ನಕಲಂತೆ.

ಗುಂಪಿನಲ್ಲಿ ನುಸ್ರತ್ ಎಂಬ ಹುಡುಗಿ ಇದ್ದಳು. ಭಟ್ಕಳದವಳು, ಅಪರ್ಣಾಳ ಜೊತೆ ಓದಿದವಳು, ಪ್ರತಿ ಸಿನಿಮಾವನ್ನೂ ಮೂರು ಸಲ ನೋಡುವವಳು. ಉಳಿದವರು ನನ್ನ ಪ್ರಶ್ನೆಯನ್ನು ಕೊಂಡಾಡುತ್ತಿರುವಾಗ ಅವಳೊಬ್ಬಳು ಬರೆದಳು: 'ಸರ್, ಈ ಚಿತ್ರದಲ್ಲಿ ತಾಯಿಯೇ ಇಲ್ಲವಲ್ಲ. ನೀವು ಎಲ್ಲಿ ಕಂಡಿರಿ?' ತುಂಬ ಹೊತ್ತು ಯೋಚಿಸಿ 'ಅದೇ ಪ್ರಶ್ನೆ' ಎಂದು ಬರೆದು ಮೊಬೈಲು ಮಗುಚಿಟ್ಟೆ. ಉಳಿದವರಿಗೆ ಅದು ಇನ್ನೂ ಆಳವಾಗಿ ಕಂಡಿತು. ನುಸ್ರತ್ ಮಾತ್ರ ಒಂದು ಹುಬ್ಬೇರಿಸಿದ ಮುಖ ಕಳಿಸಿದಳು. ಅಂದಿನಿಂದ ಅವಳ ಹೆಸರು ಕಂಡರೆ ಸಾಕು, ಮೊಬೈಲು ಮಗುಚಿಡುತ್ತಿದ್ದೆ.

ಮೂವತ್ತನೆಯ ಸಿನಿಮಾವನ್ನು ಎಲ್ಲರೂ ಮಿರ್ಜಾನದ ಅಪರ್ಣಾಳ ಮನೆಯಲ್ಲಿ ಒಟ್ಟಿಗೆ ನೋಡುವುದೆಂದು ತೀರ್ಮಾನವಾಯಿತು. ಆ ಹೊತ್ತಿಗೆ ನನ್ನ ಹೆಸರು ಗುಂಪಿನಲ್ಲಿ 'ಪ್ರಶ್ನೆ ಮಾವ' ಎಂದಾಗಿತ್ತು. ನೆಗಡಿಯ ನೆಪ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಆದರೆ ದೇವಿಯಕ್ಕನ ಎದುರು ಬಾಯಿತಪ್ಪಿ ಹೇಳಿಬಿಟ್ಟಿದ್ದೆ. "ಕಡೇದು ಅಲ್ಲಿ ನೋಡುದಾ? ಹಂಗಾದ್ರೆ ನಾನೂ ಬತ್ತೆ," ಎಂದರು. ಬೇಡ ಎನ್ನಲು ನನಗೆ ಯಾವ ಮುಖವಿತ್ತು? ಹೊರಡುವ ದಿನ ಅವರ ಮಡಿಲಲ್ಲಿ ಬಾಳೆಲೆಯ ಪೊಟ್ಟಣ, ಒಳಗೆ ಮಲ್ಲಿಗೆ. "ಬರಿಗೈಲಿ ಹೋಗುದಾ?" ಎಂದು ನನ್ನನ್ನೇ ಗದರಿದರು. ಹೊನ್ನಾವರ, ಕುಮಟಾ ದಾಟಿ ಮಿರ್ಜಾನ ಬರುವವರೆಗೂ ನಾನು ಬಸ್ಸಿನ ಕಿಟಕಿಯಾಚೆಗೇ ನೋಡುತ್ತ ಕೂತಿದ್ದೆ. ಅವರು ಕೇಳಿದ್ದಕ್ಕೆಲ್ಲ ಬರೀ ಹೂಂ ಎಂದೆ.

ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಹೊದಿಸಿ ಸಿನಿಮಾ ಹಚ್ಚಿದರು. ನಾನು ಬೇಕೆಂದೇ ಹಿಂದಿನ ಮೂಲೆ ಹಿಡಿದೆ. ಪಕ್ಕದಲ್ಲಿ ದೇವಿಯಕ್ಕ. ಕತ್ತಲಲ್ಲಿ ಕಣ್ಣು ಹೊಂದಿದಾಗ ನೋಡುತ್ತೇನೆ, ನನ್ನ ಮುಂದೆಯೇ ನುಸ್ರತ್ ಕೂತಿದ್ದಾಳೆ.

ಪಂಚೆಯ ಮೇಲೆ ಕೆಂಪು ಮಣ್ಣಿನ ಒಂದು ಲೋಕ, ಅದರಲ್ಲಿ ಒಬ್ಬಳೇ ಹೆಂಗಸು. ಒಂದು ಪೆಟ್ಟಿಗೆಯ ಮುಂದೆ ಕೂತು ಮಾತಾಡುತ್ತಿದ್ದಾಳೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ದೇವಿಯಕ್ಕ ನನ್ನ ತೋಳು ಮುಟ್ಟಿ ಮೆಲ್ಲಗೆ ಕೇಳಿದರು, "ಎಂತ ತಮಾ? ಹೇಳು."

ನಾನು ಸುಮ್ಮನಿದ್ದೆ. ಬಾಯಿ ತೆರೆದರೆ ನನ್ನ ಇಂಗ್ಲಿಷು, ನನ್ನ ಅಂದಾಜು, ಇಪ್ಪತ್ತೈದು ಪ್ರಶ್ನೆಗಳ ಹುಟ್ಟೂರು ಎಲ್ಲವೂ ಬಯಲಾಗುತ್ತದೆ. ತೆರೆಯದಿದ್ದರೆ ಪ್ರಶ್ನೆ ಮಾವನಾಗಿಯೇ ಉಳಿದು ಸಂಜೆಯ ಬಸ್ಸು ಹತ್ತಬಹುದು. ದೇವಿಯಕ್ಕ ಮತ್ತೆ ಕೇಳಲಿಲ್ಲ. ಮಲ್ಲಿಗೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ತಮಗೆ ಕಾಣದ ಬೆಳಕಿನ ಕಡೆಗೆ ಮುಖ ಮಾಡಿ ಕೂತರು. ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ಆ ತಿಂಗಳಿಡೀ ಆಗಿರಲಿಲ್ಲ.

"ಒಬ್ಳು ಹೆಂಗಸು ದೇವಿಯಕ್ಕ," ಎಂದೆ. ನನ್ನ ದನಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. "ಬಾಳ ದೂರದ ಊರಲ್ಲಿ ಒಬ್ಳೇ ಅದಾಳೆ."

"ಹೂಂ."

"ಪೆಟ್ಟಿಗೆ ಮುಂದೆ ಕೂತು ಮಾತಾಡ್ತಾಳೆ. ಊರಲ್ಲಿದ್ದ ತಂಗಿಗೆ ಸುದ್ದಿ ಹೇಳ್ತಾ ಅದಾಳೆ."

"ಹೂಂ."

ಮುಂದೆ ಕೂತಿದ್ದ ನುಸ್ರತ್ ತಟ್ಟನೆ ಹಿಂತಿರುಗಿ ನೋಡಿದಳು. ಸಿನಿಮಾದಲ್ಲಿ ತಂಗಿ ಇರಲಿಲ್ಲವೆಂದು ಕಾಣುತ್ತದೆ. ತಲೆಗಳು ಒಂದೊಂದಾಗಿ ತಿರುಗಿದವು, ಅಪರ್ಣಾಳದೂ. ನಾನು ಹೇಳುತ್ತಲೇ ಹೋದೆ. ಪ್ರತಿ ದಿನ ಮಾತಾಡುತ್ತಾಳೆ, ಇಂದು ಬಿತ್ತಿದ್ದು ಮೊಳಕೆಯೊಡೆಯಿತು ಎನ್ನುತ್ತಾಳೆ, ತಂಗಿಯಿಂದ ಉತ್ತರ ಬಂದಿಲ್ಲ. ಇಲ್ಲಿಗೆ ದೇವಿಯಕ್ಕನ ಹೂಂ ನಿಂತಿತು. ನೋಡಿದರೆ ಅವರ ಕೈ ಬಾಯಿಯ ಮೇಲಿದೆ. "ಅಯ್ಯೋ," ಎಂದರು, "ಅವ್ಳಿಗೆ ಹೂಂ ಹೇಳೂಕೆ ಯಾರೂ ಇಲ್ವಾ?"

ಅದು ಅವರ ಇಪ್ಪತ್ತಾರನೆಯ ಪ್ರಶ್ನೆ. ಈ ಸಲ ಎಲ್ಲರೂ ಅವರ ಬಾಯಿಂದಲೇ ಕೇಳಿದರು, ಕದಿಯಲು ನನಗೇನೂ ಉಳಿದಿರಲಿಲ್ಲ. ಹೂಂ ಇಲ್ಲದೆ ನನ್ನ ಕತೆಯೂ ನಿಂತಿತು. ಒಂದು ತಿಂಗಳಲ್ಲಿ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

ಆಗ ಎದುರಿನಿಂದ ಒಂದು ದನಿ ಬಂತು. "ಹೂಂ."

ನುಸ್ರತ್. ಅವಳು ಪಂಚೆಯ ಕಡೆಗೆ ಬೆನ್ನು ತಿರುಗಿಸಿ, ಮಂಡಿ ಮಡಚಿ, ನಮ್ಮ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಅಪರ್ಣಾಳ ಹೂಂ ಸೇರಿತು, ಆಮೇಲೆ ಉಳಿದವರದು, ಕಡೆಗೆ ದೇವಿಯಕ್ಕನದೂ.

ಸಿನಿಮಾ ಮುಗಿದು ಕಂಬಳಿ ಬಿಚ್ಚಿದ ಮೇಲೆ ಹಿಂದಿನ ಇಪ್ಪತ್ತೈದೂ ಪ್ರಶ್ನೆಗಳು ಯಾರವೆಂದು ಎಲ್ಲರೆದುರು ಹೇಳಿದೆ. "ಐದನೇ ದಿನವೇ ಸಂಶಯ ಬಂದಿತ್ತು ಮಾವಾ," ಎಂದಳು ಅಪರ್ಣಾ. ದೇವಿಯಕ್ಕ ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಪೊಟ್ಟಣ ಬಿಚ್ಚಿ ಹೂ ಹಂಚುತ್ತಿದ್ದರು. ನುಸ್ರತ್ ಮುಡಿಗೆ ಹೂ ಸಿಕ್ಕಿಸಿಕೊಳ್ಳುತ್ತಿದ್ದಾಗ ನಾನು ಹತ್ತಿರ ಹೋದೆ. ಆ ತಿಂಗಳಲ್ಲಿ ನನ್ನದೇ ಆದ, ನನಗೇ ಉತ್ತರ ಬೇಕಾಗಿದ್ದ ಪ್ರಶ್ನೆಯೊಂದು ಮೊದಲ ಸಲ ಹುಟ್ಟಿತ್ತು.

"ಅಲ್ಲಾ, ನೀನು ಎಲ್ಲವನ್ನೂ ಮೂರು ಸಲ ನೋಡುವವಳು, ಈ ಸಿನಿಮಾ ಮೊದಲೇ ನೋಡಿರ್ತೀ. ನಾನು ಹೇಳಿದ್ದೆಲ್ಲ ತಪ್ಪು ಅಂತ ಗೊತ್ತಿದ್ದೂ ಹೂಂ ಅಂದದ್ದು ಯಾಕೆ?"

ಅವಳು ನಕ್ಕಳು. "ಆ ಸಿನಿಮಾದಲ್ಲಿ ಮುಂದೆ ಎಂತ ಆಗ್ತದೆ ಅಂತ ನಂಗೆ ಗೊತ್ತಿತ್ತು ಸರ್. ನಿಮ್ಮದ್ರಲ್ಲಿ ಗೊತ್ತಿರ್ಲಿಲ್ಲ."