ನಾಲ್ಕು ಮನೆಯ ಹುಡುಗಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಂಥವಳನ್ನು ಮಕ್ಕಳ ಕೋರ್ಟಿನ ಕಚೇರಿಯಲ್ಲಿ, ಅದೂ ಜನರಿಗೆ ಫೋನು ಮಾಡಿ ಕರೆಸುವ ಕೆಲಸಕ್ಕೆ ಕೂರಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ದಿಕ್ಕಿಲ್ಲದ ಮಕ್ಕಳು, ಮನೆ ಬಿಟ್ಟು ಓಡಿಬಂದವರು, ಶಾಲೆ ಬಿಡಿಸಿ ಮದುವೆಗೆ ಕೂರಿಸಿದ ಹುಡುಗಿಯರು, ಇವರ ವಿಷಯವೆಲ್ಲ ಕೂಡ್ಲಿಗಿಯಲ್ಲಿ ಕೂರುವ ನಮ್ಮ ಸಮಿತಿಯ ಮುಂದೆ ಬರುತ್ತದೆ. ಕಾಗದದ ಮೇಲೆ ಅದು ಸಮಿತಿ, ಜನರ ಬಾಯಲ್ಲಿ ಮಕ್ಕಳ ಕೋರ್ಟು. ಯಾವ ಮಗುವಿನ ಜೊತೆ ಯಾರು ಬರಬೇಕು, ಪೊಲೀಸರ ವರದಿ ಬಂತೇ, ಮನೆ ನೋಡಿಬರುವವರು ಹೋದರೇ ಎಂದು ಎಲ್ಲರ ಬೆನ್ನು ಹತ್ತುವುದು ನನ್ನ ಪಾಲಿನ ಕೆಲಸ.

ಬೆನ್ನು ಹತ್ತಿದರೂ ಸಿಗುವ ಜನವಲ್ಲ ಇದು. ಕೊಟ್ಟೂರಿನವರಿಗೆ ಸೋಮವಾರ ಬನ್ನಿ ಎಂದರೆ "ಸೋಮಾರ ಹೆಂಗ ಬರೋದ್ರಿ, ಗುಡಿಗಿ ಹೋಗಬೇಕಲ್ಲ" ಎಂದು ನನಗೇ ಬುದ್ಧಿ ಹೇಳುತ್ತಾರೆ. ಹಗರಿಬೊಮ್ಮನಹಳ್ಳಿಯ ಒಬ್ಬರು "ಬಸ್ಸಿನ್ಯಾಗ ಕುಂತೀನ್ರಿ" ಎನ್ನುವಾಗ ಹಿಂದೆ ಅವರ ಹಿತ್ತಲ ಕೋಳಿ ಕೂಗುವುದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ನಾನು ಹರಪನಹಳ್ಳಿಯವಳು. ನಮ್ಮೂರಿನವರು ಹೇಳಿದ ಹೊತ್ತಿಗೆ ಬರುತ್ತಾರೆ, ಆದರೆ ವಾದ ಮಾಡಲಿಕ್ಕೆ.

ಹೀಗಿರುವಾಗ ಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಒಂದು ಹುಡುಗಿಯ ವಿಷಯ ಬಂತು. ಐದನೆಯ ತರಗತಿಯ ಮಗು. ತಾಯಿ ಹಿಂದೆಯೇ ತೀರಿಹೋಗಿದ್ದಳು, ಅಪ್ಪ ಕೆಲಸಕ್ಕೆಂದು ಗೋವಾಕ್ಕೆ ಹೋದವನು ಅತ್ತಲೇ ಉಳಿದಿದ್ದ. ಸಾಕಿದ ಅಜ್ಜಿಯೂ ಹೋದ ಮೇಲೆ ಶಾಲೆಯ ಮೇಷ್ಟರು, ಮಗು ಯಾರ ಹತ್ತಿರ ಇದೆಯೋ ತಿಳಿಯದು ಎಂದು ನಮಗೆ ತಿಳಿಸಿದರು. ಮನೆ ನೋಡಿಬರಲು ನಮ್ಮ ಕಾರ್ಯಕರ್ತ ಬೈಕ್ ಹತ್ತಿ ಹೋದ.

ಸಂಜೆ ಅವನು ಹೊಟ್ಟೆ ಹಿಡಿದುಕೊಂಡು ಬಂದ. ಮೊದಲ ಮನೆ ಹಿಟ್ಟಿನ ಗಿರಣಿಯವಳದು. "ಇಲ್ಲೇ ಇರ್ತಾಳ್ರಿ, ನೋಡ್ರಿ ಆಕಿ ತಾಟು" ಎಂದು ತೋರಿಸಿ ಅವನಿಗೆ ಅವಲಕ್ಕಿ ತಿನ್ನಿಸಿದಳಂತೆ. ಎದುರಿಗೆ ಬಟ್ಟೆ ಹೊಲಿಯುವವಳ ಮನೆ. ಹುಡುಗಿ ಅಲ್ಲೂ "ಇಲ್ಲೇ ಇರ್ತಾಳ್ರಿ", ಅಲ್ಲೂ ಒಂದು ತಾಟು, ಅಲ್ಲೂ ಉಪ್ಪಿಟ್ಟು. ಮೂಲೆಯಲ್ಲಿ ಪಂಚರ್ ಅಂಗಡಿಯ ಸಾಬರು ತಮ್ಮ ಮನೆಗೆ ಕರೆದೊಯ್ದು, "ನಮ್ಮ ಬೇಟಿ ಇದ್ದಂಗ್ರಿ, ಇಲ್ಲೇ ಬೆಳದಾಳ" ಎಂದು ಚಹಾ ಬಿಸ್ಕೆಟ್ ಇಟ್ಟರು. ನಾಲ್ಕನೆಯ ಮನೆಯ ಮುದುಕಿಯಂತೂ ಆಕೆ ನನ್ನ ಮೊಮ್ಮಗಳೇ ಎಂದು ಆಣೆ ಮಾಡಿದ್ದಳು. ಕಾರ್ಯಕರ್ತ ಬರೆದ ವರದಿಯಲ್ಲಿ ಒಂದು ವಾಕ್ಯ ನನಗೆ ಈಗಲೂ ಬಾಯಿಪಾಠ: "ಮಗು ಏಕಕಾಲಕ್ಕೆ ನಾಲ್ಕು ಮನೆಗಳಲ್ಲಿ ವಾಸವಾಗಿರುವುದು ಕಂಡುಬಂದಿದೆ."

ನಾನು ನಕ್ಕೆ. ನಮ್ಮ ಸಮಿತಿಯ ಅಧ್ಯಕ್ಷೆ ನಗಲಿಲ್ಲ. ಅವರು ಹೈಸ್ಕೂಲಿನ ಹೆಡ್ ಮೇಡಂ ಆಗಿ ನಿವೃತ್ತರಾದವರು, ಸುಳ್ಳನ್ನು ವಾಸನೆಯಿಂದಲೇ ಹಿಡಿಯುತ್ತೇನೆಂಬ ನಂಬಿಕೆ ಅವರಿಗಿತ್ತು. "ನಾಲ್ಕರಲ್ಲಿ ಮೂವರಾದರೂ ಸುಳ್ಳು ಹೇಳಿದ್ದಾರೆ. ಯಾಕೆ?" ಎಂದರು. ನಮ್ಮ ಕೆಲಸದಲ್ಲಿ ಅನುಮಾನಪಡುವುದು ತಪ್ಪಲ್ಲ, ಮಕ್ಕಳನ್ನು ದುಡಿಸಿಕೊಳ್ಳಲು ಪ್ರೀತಿ ತೋರಿಸುವವರನ್ನು ನಾವು ಕಂಡಿದ್ದೇವೆ. ಜವಾಬ್ದಾರಿ ಹೊರುವವರು ಇಂಥವರೇ ಒಬ್ಬರು ಎಂದು ಖಾತ್ರಿಯಾಗದಿದ್ದರೆ ಹುಡುಗಿಯನ್ನು ಬಳ್ಳಾರಿಯ ಬಾಲಮಂದಿರಕ್ಕೆ ಕಳಿಸಬೇಕಾಗುತ್ತದೆ ಎಂದು ಅವರು ಹೇಳಿದಾಗ ನನ್ನ ನಗು ನಿಂತಿತು.

ನನಗೆ ಅವರ ಸುಳ್ಳು ಅರ್ಥವಾಗಿತ್ತು. ನಮ್ಮ ಕಡೆ ಸರ್ಕಾರದವರು ಬಾಗಿಲಿಗೆ ಬಂದು ಒಂದು ಮಗುವನ್ನು ತೋರಿಸಿ ಇದು ನಿಮ್ಮದೇನು ಎಂದರೆ, ಅಲ್ಲ ಎನ್ನುವವರಿಲ್ಲ. ಹಾಗೆ ಅನ್ನುವುದು ಬಾಗಿಲಿಗೆ ಬಂದವರಿಗೆ ನೀರು ಕೊಡದಿರುವಷ್ಟೇ ಕೆಟ್ಟದ್ದು. ಪ್ರತಿಯೊಬ್ಬರೂ ತಮ್ಮ ಮನೆಯೊಂದೇ ಆ ಮಗುವನ್ನು ಉಳಿಸಬೇಕು ಎಂದುಕೊಂಡು ಬಾಯಿ ಬಿಟ್ಟಿದ್ದರು. ಇನ್ನೊಬ್ಬರೂ ಅದನ್ನೇ ಹೇಳುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

ನಾಲ್ಕೂ ಮನೆಗೆ ಫೋನು ಮಾಡಿ ಸ್ಪಷ್ಟವಾಗಿ ಹೇಳಿದೆ. ಹುಡುಗಿಯನ್ನು ನಿಜವಾಗಿ ನೋಡಿಕೊಳ್ಳುವವರು ಒಬ್ಬರು ಬನ್ನಿ, ಒಬ್ಬರೇ ಬನ್ನಿ. "ಆತ್ರಿ ಅಕ್ಕಾರ, ಒಬ್ರ ಬರ್ತೀವಿ" ಎಂದರು. ಆ "ಬರ್ತೀವಿ" ಕೇಳಿದಾಗಲೇ ನಾನು ಎಚ್ಚರಾಗಬೇಕಿತ್ತು. ಕಟ್ಟೆಯ ನ್ಯಾಯಕ್ಕೆ ಒಂಟಿಯಾಗಿ ಹೋದವನಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದರ್ಥ, ಅಂಥ ಅವಮಾನಕ್ಕೆ ಇಟ್ಟಿಗಿಯ ಆ ಓಣಿ ತಯಾರಿರಲಿಲ್ಲ. ಬಾಡಿಗೆಗೆ ಗೂಡ್ಸ್ ಗಾಡಿ ಮಾಡಿಕೊಂಡು, ಹುಡುಗಿಯನ್ನು ನಡುವೆ ಕೂರಿಸಿಕೊಂಡು ಓಣಿಗೆ ಓಣಿಯೇ ಬಂದು ನಮ್ಮ ಅಂಗಳದಲ್ಲಿ ಇಳಿಯಿತು. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ನೀರಿನ ಕೊಡ, ಎರಡು ಕೈಗೂಸು, ಮತ್ತು ನಮ್ಮ ಸಾಹೇಬರಿಗೆಂದು ಒಂದು ಸೋರೆಕಾಯಿ. ನಮ್ಮಲ್ಲಿ ಸಾಹೇಬರು ಯಾರೂ ಇಲ್ಲ ಎಂದರೆ "ಇರ್ಲಿ ಬಿಡ್ರಿ, ನೀವ ಇಟ್ಗೊಳ್ರಿ" ಎಂದು ಅದನ್ನು ನನ್ನ ಕಂಕುಳಿಗೆ ತುರುಕಿದರು. ಮಗುವಿನ ವಿಚಾರಣೆಯನ್ನು ಗುಟ್ಟಾಗಿ ನಡೆಸಬೇಕೆಂದು ಕಾನೂನಿದೆ. ಸೋರೆಕಾಯಿ ಹಿಡಿದುಕೊಂಡು ನಾನು ಆ ಕಾನೂನನ್ನು ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಎಲ್ಲರೂ ಒಳಗೆ ಬಂದರು.

"ಮಗುವಿನ ಜವಾಬ್ದಾರಿ ಯಾರದು?" ಅಧ್ಯಕ್ಷೆ ಕೇಳಿದರು.

"ನಂದ್ರಿ" ಎಂದು ಕೋಣೆಯೇ ಎದ್ದು ನಿಂತಿತು.

ಆಮೇಲೆ ನಡೆದದ್ದನ್ನು ವಿಚಾರಣೆ ಎನ್ನಲು ನಾಲಿಗೆ ಬರುವುದಿಲ್ಲ. ಗಿರಣಿಯವಳಿಗೂ ಹೊಲಿಯುವವಳಿಗೂ ಬಚ್ಚಲ ನೀರಿನ ಜಗಳದಿಂದ ಮಾತು ಬಿಟ್ಟುಹೋಗಿತ್ತಂತೆ. ಇಬ್ಬರೂ ಅಧ್ಯಕ್ಷೆಯ ಮೂಲಕವೇ ಬೈದಾಡಿದರು. "ಮೇಡಂ, ಆಕಿಗಿ ಕೇಳ್ರಿ, ಹುಡುಗಿಗಿ ಜ್ವರ ಬಂದಾಗ ದವಾಖಾನಿಗಿ ಒಯ್ದೋರು ಯಾರು ಅಂತ." "ಮೇಡಂ, ಆಕಿಗಿ ಹೇಳ್ರಿ, ಯೂನಿಫಾರಂ ಹೊಲದೋರು ಯಾರು ಅಂತ." ಪಾಪ, ಅಧ್ಯಕ್ಷೆ ಮೊದಮೊದಲು ನಿಜವಾಗಿಯೂ ಅತ್ತಿಂದಿತ್ತ ಮಾತು ದಾಟಿಸುತ್ತಿದ್ದರು. ಪಂಚರ್ ಸಾಬರು ಜಗಳ ಬಿಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡು ಕೂತರು. ಕೊನೆಗೆ ಅಧ್ಯಕ್ಷೆ ಮೇಜು ಬಡಿದು, "ಎಲ್ಲಾರೂ ಹೊರಗೆ!" ಎಂದು ಒಂದು ಹೆಡ್ ಮೇಡಂ ಕೂಗು ಹಾಕಿದರು. ಕೈಗೂಸುಗಳೂ ಬಾಯಿ ಮುಚ್ಚಿದವು. ಕೋಣೆ ಖಾಲಿಯಾಯಿತು.

ಒಳಗೆ ಹುಡುಗಿ, ಅಧ್ಯಕ್ಷೆ, ಸದಸ್ಯರು ಮತ್ತು ನಾನು ಉಳಿದೆವು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಒಂದಕ್ಕೆ ಕೆಂಪು ರಿಬ್ಬನ್ನು, ಇನ್ನೊಂದಕ್ಕೆ ಹಸಿರು. ಒಂದೊಂದು ಜಡೆಯನ್ನು ಒಂದೊಂದು ಮನೆಯಲ್ಲಿ ಹಾಕಿಸಿಕೊಂಡಿರಬೇಕು.

"ರಾತ್ರಿ ಎಲ್ಲಿ ಮಲಗ್ತೀಯಮ್ಮ? ಹೆದರಬೇಡ, ಹೇಳು."

"ಟೇಲರ್ ಅತ್ತಿ ಮನಿಯಾಗ್ರಿ."

"ಹಾಗಾದ್ರೆ ಮುಗೀತಲ್ಲ, ಅವರ ಹೆಸರೇ ಬರೀತೀವಿ" ಎಂದು ಅಧ್ಯಕ್ಷೆ ಪೆನ್ನು ಎತ್ತಿಕೊಂಡರು.

ಹುಡುಗಿ ಓಡಿ ಹೋಗಿ ಮೇಜಿನ ಅಂಚು ಹಿಡಿದಳು. "ಬರೀಬ್ಯಾಡ್ರಿ ಮಿಸ್."

"ಯಾಕೆ? ಅಲ್ಲಿ ಬೈತಾರೇನು?"

"ಇಲ್ರಿ. ಒಂದ ಮನಿ ಹೆಸರು ಬರದ್ರ ಉಳಿದೋರು ನನ್ನ ಉಣ್ಣಾಕ ಕರಿಯಂಗಿಲ್ರಿ. ಆಕಿದು ಒಂದು ಮನಿ ಆತಲ್ಲ, ಅಲ್ಲೇ ಉಣ್ಲಿ ಅಂತಾರ. ಅತ್ತಿ ಒಬ್ಬಾಕಿನ ಎಷ್ಟಂತ ಮಾಡ್ಯಾಳು?"

ಒಂದು ಮಗುವಿಗೆ ಒಂದು ಮನೆ ಎಂದು ನಾವು ದೊಡ್ಡವರು ಹೊಂದಿಸಲು ಹೆಣಗುತ್ತಿದ್ದರೆ, ಈ ಪುಟ್ಟ ಜೀವ ನಾಲ್ಕು ಮನೆಗಳನ್ನು ಒಂದಕ್ಕೊಂದು ನೋಯದ ಹಾಗೆ ನಡೆಸಿಕೊಂಡು ಬರುತ್ತಿತ್ತು. ನನಗೆ ಅವಳ ಮೇಲೆ ಮಮತೆಯೂ, ಗೋವಾದಲ್ಲಿ ಕೂತ ಅಪ್ಪನ ಮೇಲೆ ಕೆಂಡದಂಥ ಸಿಟ್ಟೂ ಒಟ್ಟಿಗೇ ಬಂದವು.

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಈ ಮಾತು ಅವರಿಗೆ ಹೇಳಲೇನಮ್ಮ?"

ಹುಡುಗಿ ಯೋಚಿಸಿದಳು. "ನೀವ ಹೇಳ್ರಿ. ನಾ ಹೇಳಿದ್ರ ಅಳ್ತಾರ."

ಮತ್ತೆ ಎಲ್ಲರನ್ನೂ ಒಳಗೆ ಕರೆಸಿದೆವು. ಅಧ್ಯಕ್ಷೆ ಹುಡುಗಿಯ ಮಾತನ್ನು ಇದ್ದಂತೆಯೇ ಹೇಳಿದರು. ಕೋಣೆಯೇ ಒಡೆದುಹೋಗುವಂತೆ ಕಿರುಚುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಂಚರ್ ಸಾಬರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು.

ಗಿರಣಿಯವಳು ಮೊದಲು ಬಾಯಿ ಬಿಟ್ಟಳು. ಈ ಸಲ ಅಧ್ಯಕ್ಷೆಯನ್ನು ನಡುವೆ ತರಲಿಲ್ಲ, ಸೀದಾ ಹೊಲಿಯುವವಳ ಕಡೆ ತಿರುಗಿದಳು. "ಆಕಿ ನಿನ್ನ ಮನಿಯಾಗ ಮಲಗ್ತಾಳ ಅಂತ ನಂಗೂ ಗೊತ್ತೈತಿ. ನಿನ್ನ ಹೆಸರ ಬರಸು."

"ಮತ್ತ ನೀನು?" ಹೊಲಿಯುವವಳು ಕೇಳಿದಳು.

"ಹುಡುಗಿಗಿ ರೊಟ್ಟಿ ಹಾಕಾಕ ನಂಗ ಕೋರ್ಟಿನ ಆರ್ಡರ್ ಬೇಕೇನು?"

ಆದೇಶವನ್ನು ಹೊಲಿಯುವವಳ ಹೆಸರಿಗೆ ಬರೆದೆವು. ಹುಡುಗಿಯನ್ನು ಆಗಾಗ ನಮ್ಮ ಮುಂದೆ ಕರೆತಂದು ತೋರಿಸಬೇಕು ಎಂದು ಅಧ್ಯಕ್ಷೆ ಹೇಳಿದಾಗ, ನಾನು ಅಭ್ಯಾಸಬಲದಿಂದ "ಒಬ್ಬರೇ" ಎನ್ನಲು ಬಾಯಿ ತೆರೆದು ಸುಮ್ಮನಾದೆ.

ಅಂಗಳದಲ್ಲಿ ಬುತ್ತಿ ಬಿಚ್ಚಿದ್ದರು. ನಮ್ಮ ಕಚೇರಿಯವರಿಗೂ ಕೈಗೊಂದು ರೊಟ್ಟಿ ಬಂತು. ಹುಡುಗಿ ನನ್ನ ಹತ್ತಿರ ಬಂದು ಸೆರಗು ಜಗ್ಗಿದಳು.

"ಬರದ್ರೇನ್ರಿ ಅಕ್ಕಾ?"

"ಬರೆದ್ವಿ."

ಹುಡುಗಿ, ಗಾಡಿ ಹತ್ತಲು ಹೊರಟಿದ್ದ ಗಿರಣಿಯವಳ ಹಿಂದೆ ಹೋಗಿ ಸ್ವಲ್ಪ ದೂರದಲ್ಲೇ ನಿಂತಳು. ಅವಳು ಏನು ಕೇಳಲಿದ್ದಾಳೆಂದು ನನಗೆ ಗೊತ್ತಾಯಿತು, ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಅತ್ತೀ, ಇವತ್ತ ಸಂಜಿಗಿ ನಿಮ್ಮನಿಯಾಗ ಏನ್ ಮಾಡ್ತೀರಿ?"

ಗಿರಣಿಯವಳು ತಿರುಗಿಯೂ ನೋಡದೆ ಗಾಡಿಗೆ ಕಾಲಿಡುತ್ತ ಗದರಿದಳು. "ಏನ್ ಮಾಡ್ಲಿ, ಮುಂಜಾನಿಂದ ಇಲ್ಲೇ ಸತ್ತೀನಿ. ಲಗೂನ ಹತ್ತು, ಹೋದ ಕೂಡ್ಲೇ ಬಳ್ಳೊಳ್ಳಿ ಸುಲಿಯೋದು ನಿಂದ ಕೆಲಸ."