ಅಂಗಿಯ ಗುಂಡಿ ತಿರುಗಿಸುವ ಮೇಷ್ಟ್ರು

ನರಸಿಂಹರಾಜಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಮನೆ ಕೊಪ್ಪದಲ್ಲಿ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದೆ.

ಪಿಯುಸಿ ಓದುವಾಗ ನನಗೆ ಮೂರ್ಛೆ ಬರುತ್ತಿತ್ತು. ದೊಪ್ಪನೆ ಬಿದ್ದು ಕೈಕಾಲು ಬಡಿದುಕೊಳ್ಳುವ ಮೂರ್ಛೆ. ನಮ್ಮ ಮನೆಯಲ್ಲಿ ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ. ನೆಂಟರು ಕೇಳಿದರೆ ಅಮ್ಮ, "ಅವನಿಗೆ ಪಿತ್ತ ಜಾಸ್ತಿ, ತಲೆ ತಿರುಗ್ತದೆ" ಎಂದು ಮಾತು ತಿರುಗಿಸುತ್ತಿದ್ದಳು. ಡಾಕ್ಟರು ಮಾತ್ರೆ ಕೊಟ್ಟ ಮೇಲೆ ಬೀಳುವುದು ನಿಂತಿತು, ಮಾತ್ರೆ ಮುಂದುವರಿಯಿತು. ಮದುವೆಗೆ ಮೊದಲು ಹೆಂಡತಿಗೆ ನಾನೇ ಹೇಳಿದ್ದೆ. ಆದರೆ 'ಇದೆ' ಎನ್ನಲಿಲ್ಲ, 'ಇತ್ತು' ಎಂದೆ. ಶಾಲೆಯಲ್ಲಿ ಅದನ್ನೂ ಹೇಳಲಿಲ್ಲ. ಬೀಳದೆ ಇದ್ದವನಿಗೆ ಎಲ್ಲಿಯ ಕಾಯಿಲೆ ಎಂದುಕೊಂಡಿದ್ದೆ.

ಒಂದು ದಿನ ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಒಂಬತ್ತನೇ ತರಗತಿಯ ಕಡೆ ನಡೆದೆ. ಬಾಗಿಲ ಹೊರಗೆ ನಾಲ್ಕಾರು ಹುಡುಗಿಯರು ಗುಂಪುಗೂಡಿ ನಗುತ್ತಿದ್ದರು. ನಡುವೆ ಒಬ್ಬಳು ಮುಖ ಸಡಿಲ ಬಿಟ್ಟು, ಬಾಯಲ್ಲಿ ಏನೂ ಇಲ್ಲದೆ ಚಪ್ಪರಿಸುತ್ತಾ, ಎದೆಯ ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದಳು. ಕಣ್ಣು ಎಲ್ಲೋ ನೆಟ್ಟಿತ್ತು. ಅಭಿನಯ ಎಷ್ಟು ಚೆನ್ನಾಗಿತ್ತೆಂದರೆ ನನಗೂ ನಗು ಬಂತು.

"ಯಾರನ್ನು ಅಣಕಿಸ್ತಾ ಇದೀಯೇ?" ಎಂದೆ.

ಅವಳ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು. "ಯಾರನ್ನೂ ಅಲ್ಲ ಸಾರ್" ಎಂದಳು. ಉಳಿದವರು ನೆಲ ನೋಡಿದರು. ಯಾವುದೋ ಸಿನಿಮಾದ್ದಿರಬೇಕು ಎಂದುಕೊಂಡು ಒಳಗೆ ಹೋಗಿ ಪಾಠ ಶುರು ಮಾಡಿದೆ.

ಸ್ವಲ್ಪ ದಿನದ ನಂತರ ಹೆಡ್ಮಾಸ್ಟರು ನನ್ನನ್ನು ತಮ್ಮ ಕೋಣೆಗೆ ಕರೆದರು. ವಯಸ್ಸಾದವರು, ಯಾರನ್ನೂ ನೋಯಿಸದ ಮನುಷ್ಯ. ಬಾಗಿಲು ಹಾಕಿ ಕುಳಿತರು.

"ಎಂಥದು ಮಾರಾಯ್ರೆ, ಮನೇಲಿ ಎಲ್ಲ ಸರಿ ಇದೆಯಲ್ಲ?"

"ಯಾಕೆ ಸಾರ್?"

"ಅಲ್ಲ... ಮಕ್ಕಳು ಎಂತೆಂತದೋ ಹೇಳ್ತಾವೆ. ಮೇಷ್ಟ್ರು ಪಾಠದ ಮಧ್ಯ ಸುಮ್ನಾಗ್ತಾರೆ, ಬಾಯಲ್ಲಿ ಎಂತದೋ ಜಗೀತಾರೆ ಅಂತ. ಗುಟ್ಕಾ ಗಿಟ್ಕಾ ಏನಾದ್ರೂ..."

ನನಗೆ ಉರಿದುಹೋಯಿತು. ಎಲೆ ಅಡಿಕೆಯನ್ನೂ ಮುಟ್ಟದವನು ನಾನು. ಎದ್ದು ಬಂದುಬಿಟ್ಟೆ. ಆ ವಾರವೆಲ್ಲ ಮಕ್ಕಳ ಮೇಲೆ ರೇಗಿದೆ.

ನನಗೆ ಗೊತ್ತಿದ್ದದ್ದು ಇಷ್ಟೇ: ಆಗಾಗ ಹೊಟ್ಟೆಯಿಂದ ಎದೆಯ ಕಡೆಗೆ ಏನೋ ಏರಿ ಬಂದಂತಾಗುತ್ತಿತ್ತು, ವಿನಾಕಾರಣ ಭಯವಾಗುತ್ತಿತ್ತು. ಆಮೇಲೆ ಒಂದಷ್ಟು ಹೊತ್ತು ಮಂಕು ಹಿಡಿದ ಹಾಗೆ. ಗ್ಯಾಸ್ಟ್ರಿಕ್ ಎಂದು ಓಮ ಅಗಿಯುತ್ತಿದ್ದೆ.

ಹೆಂಡತಿ ಮಾತ್ರ ಎಷ್ಟೋ ಸಲ ಮಾತು ತೆಗೆದಿದ್ದಳು. "ರೀ, ನೀವು ಆವಾಗಾವಾಗ ಇಲ್ಲೇ ಇರಲ್ಲ" ಎನ್ನುತ್ತಿದ್ದಳು. ಯೋಚನೆ ಮಾಡುತ್ತಿರುತ್ತೇನೆ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕೊನೆಗೆ ಒಂದು ಭಾನುವಾರ ತಿಂಡಿಯಾದ ಮೇಲೆ ಅವಳು ತನ್ನ ಮೊಬೈಲನ್ನು ನನ್ನ ಮುಂದಿಟ್ಟಳು.

"ಬೈಬೇಡಿ. ಒಂದು ಸಲ ನೋಡಿ."

ನಮ್ಮದೇ ಅಡುಗೆಮನೆ. ನಾನು ದೋಸೆ ತಿನ್ನುತ್ತಿದ್ದೇನೆ. ಕೈ ತಟ್ಟೆಯ ಮೇಲೆ ನಿಂತಿತು. ಮುಖ ಸಡಿಲಾಯಿತು. ತುತ್ತಿಲ್ಲದ ಬಾಯಿ ಚಪ್ಪರಿಸತೊಡಗಿತು. ಚಟ್ನಿ ಮೆತ್ತಿದ ಬೆರಳುಗಳು ಮೇಲೆ ಬಂದು ಅಂಗಿಯ ಗುಂಡಿ ಹಿಡಿದು ತಿರುಗಿಸಿದವು, ತಿರುಗಿಸುತ್ತಲೇ ಇದ್ದವು. ಹೆಂಡತಿಯ ದನಿ ಕೇಳಿಸುತ್ತಿತ್ತು, "ರೀ... ಕೇಳ್ತಾ ಇದೆಯಾ?" ಆ ಮನುಷ್ಯನಿಗೆ ಕೇಳಿಸುತ್ತಿರಲಿಲ್ಲ. ಗಲ್ಲದ ಮೇಲೆ ಜೊಲ್ಲು ಇಳಿಯಿತು. ನಮ್ಮ ಮಗಳು ಬಂದು, ಏನೂ ವಿಶೇಷವಿಲ್ಲವೆಂಬಂತೆ, ಅಪ್ಪನ ಮುಂದಿದ್ದ ಬಿಸಿ ಕಾಫಿಯನ್ನು ದೂರ ಸರಿಸಿ ಹೋದಳು.

ಮಗಳಿಗೂ ಅದು ರೂಢಿಯಾಗಿತ್ತು. ಮನೆಗೆಲ್ಲ ಗೊತ್ತಿತ್ತು, ಶಾಲೆಗೆಲ್ಲ ಗೊತ್ತಿತ್ತು. ಆ ಹುಡುಗಿ ಅಣಕಿಸಿದ್ದು ನನ್ನನ್ನೇ. ನಾನು ಅವಳೆದುರು ನಿಂತು ನಕ್ಕಿದ್ದೆ.

"ಅಳಿಸು ಅದನ್ನ!" ಎಂದು ಕೂಗಿದೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಹೊರಗಿನಿಂದ ಅವಳು, "ಚಿಲಕ ತೆಗೀರಿ. ಒಳಗೆ ಬಿದ್ರೆ ಎಂತ ಮಾಡೋದು?" ಎಂದಳು. ಅದನ್ನು ಕೇಳಿ ಇನ್ನೂ ಕುಗ್ಗಿದೆ.

ಪುಣ್ಯಕ್ಕೆ ಅವಳು ವಿಡಿಯೊ ಅಳಿಸಲಿಲ್ಲ. ಶಿವಮೊಗ್ಗದಲ್ಲಿ ನರರೋಗದ ಡಾಕ್ಟರು ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಅವರು ನೋಡುವಷ್ಟು ಹೊತ್ತು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ಇದೂ ಮೂರ್ಛೆಯೇ. ಎಲ್ಲ ಮೂರ್ಛೆಯಲ್ಲೂ ಬೀಳಲೇಬೇಕು ಅಂತ ಇಲ್ಲ. ಮಿದುಳಿನ ಒಂದು ಮೂಲೆಯಲ್ಲಿ ಶುರುವಾಗಿ ಅಲ್ಲೇ ಸುತ್ತಮುತ್ತ ಹರಡುತ್ತೆ. ಅಷ್ಟು ಹೊತ್ತು ನಿಮಗೆ ಅರಿವಿರಲ್ಲ. ಆ ಹೊಟ್ಟೆಯಿಂದ ಏನೋ ಏರಿ ಬಂದ ಹಾಗೆ ಆಗೋದೂ ಇದರದ್ದೇ ಶುರು" ಎಂದರು. ಆಮೇಲೆ ಕೇಳಿದರು: "ಮಾತ್ರೆ ತಪ್ಪಿಸ್ತೀರಾ?"

"ಇಲ್ಲ" ಎಂದೆ.

ಹೆಂಡತಿ ತಲೆ ತಗ್ಗಿಸಿ, "ತಪ್ಪಿಸ್ತಾರೆ ಡಾಕ್ಟ್ರೆ. ಅಡ್ಡಗದ್ದೆಲಿರೋ ನಮ್ಮಮ್ಮನ ಮನೆಗೆ ಹೋದಾಗ ತಗೊಳ್ಳೋದೇ ಇಲ್ಲ. ಯಾರಾದ್ರೂ ನೋಡ್ತಾರೆ ಅಂತ" ಎಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತಲೆಗೆ ತಂತಿಗಳನ್ನು ಅಂಟಿಸಿ ಇಇಜಿ ಮಾಡಿಸಿದರು, ಎಂಆರ್‌ಐ ಬರೆದುಕೊಟ್ಟರು. ಕಿವಿಯ ಮೇಲ್ಭಾಗಕ್ಕೆ, ಮಿದುಳಿನ ಒಳಗೆ, ಹಳೆಯ ಗಾಯದಂಥ ಒಂದು ಕಲೆ ಕಂಡಿತು. ಚಿಕ್ಕವನಿದ್ದಾಗ ಜ್ವರದಲ್ಲಿ ತುಂಬಾ ಹೊತ್ತು ಫಿಟ್ಸ್ ಬಂದಿತ್ತೇ ಎಂದು ಕೇಳಿದರು. ಅಮ್ಮನಿಗೆ ಫೋನ್ ಮಾಡಿದೆ. "ಬಂದಿತ್ತು" ಎಂದಳು.

ಮುಂದಿನ ದಾರಿಯನ್ನು ಡಾಕ್ಟರು ನಿಧಾನವಾಗಿ ಹೇಳಿದರು. ಮೊದಲು ಇರುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದೆ ತೆಗೆದುಕೊಳ್ಳುವುದು, ಜೊತೆಗೆ ಇನ್ನೊಂದು ಸೇರಿಸುವುದು. ನನ್ನಷ್ಟಕ್ಕೆ ನಾನೇ ಯಾವುದನ್ನೂ ನಿಲ್ಲಿಸಬಾರದು. ದಿಢೀರನೆ ನಿಲ್ಲಿಸಿದರೆ ದೊಡ್ಡ ಮೂರ್ಛೆಯೇ ಬರಬಹುದು. ಸರಿಯಾದ ಎರಡು ಮದ್ದನ್ನು ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದಿದ್ದರೆ ಆಪರೇಷನ್ ಯೋಚಿಸಬಹುದು. ನನ್ನಂತೆ ಒಂದೇ ಕಡೆ ಕಲೆ ಇರುವವರಲ್ಲಿ ಅದರಿಂದ ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಆದರೆ ನೆನಪಿಗೂ ಮಾತಿಗೂ ತೊಂದರೆಯಾಗುವುದೇ ಎಂದು ಮೊದಲು ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷಿಸಬೇಕು. ಆಪರೇಷನ್ ಆಗದವರಿಗೆ ಎದೆಯ ಚರ್ಮದಡಿ ಒಂದು ಯಂತ್ರ ಇಟ್ಟು ಕುತ್ತಿಗೆಯ ನರಕ್ಕೆ ಆಗಾಗ ಸಣ್ಣ ವಿದ್ಯುತ್ ಕೊಡುವುದೂ ಉಂಟು.

"ಮತ್ತೆ, ಬೈಕ್ ಇವತ್ತಿಂದ ಬೇಡ" ಎಂದರು.

ಬಾಳೆಹೊನ್ನೂರಿನ ತಿರುವುಗಳು ಕಣ್ಣ ಮುಂದೆ ಬಂದವು. ಎಷ್ಟೋ ಸಲ ಮಗಳನ್ನು ಹಿಂದೆ ಕೂರಿಸಿಕೊಂಡು ಆ ದಾರಿಯಲ್ಲಿ ಹೋಗಿದ್ದೆ.

ಅಂದಿನಿಂದ ಹೆಂಡತಿ ಸ್ಕೂಟರಿನಲ್ಲಿ ನನ್ನನ್ನು ಕೊಪ್ಪ ಬಸ್‌ಸ್ಟ್ಯಾಂಡಿಗೆ ಬಿಡತೊಡಗಿದಳು. ನಾನು ಹಿಂದೆ ಕೂರುತ್ತಿದ್ದೆ, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು. "ಏನ್ರೀ ಮೇಷ್ಟ್ರೆ, ಯಜಮಾನ್ತಿ ಡ್ರೈವರಾ?" ಎಂದು ಅಂಗಡಿಯವರು ನಗುತ್ತಿದ್ದರು. ಅವಳು ನಗುತ್ತಲೇ ಉತ್ತರ ಕೊಡುತ್ತಿದ್ದಳು. ನನಗೆ ಇಳಿದು ಓಡಬೇಕೆನಿಸುತ್ತಿತ್ತು. ಹೊಸ ಮಾತ್ರೆಯಿಂದ ಸಿಟ್ಟು ಬೇರೆ ಜಾಸ್ತಿಯಾಗಿತ್ತು. ಪೆನ್ಸಿಲ್ ಕೆಳಗೆ ಬಿತ್ತೆಂದು ಮಗಳ ಮೇಲೆ ಕೈ ಎತ್ತಿದ ದಿನ ಹೆಂಡತಿಯೇ ಡಾಕ್ಟರಿಗೆ ಫೋನ್ ಮಾಡಿದಳು. ಅದು ಆ ಮದ್ದಿನ ಗುಣವೂ ಇರಬಹುದು ಎಂದು ಅವರು ನಿಧಾನವಾಗಿ ಬೇರೆಯದಕ್ಕೆ ಬದಲಿಸಿದರು. ಸಿಟ್ಟು ಇಳಿಯಿತು. ಮೂರ್ಛೆಯೂ ಕಡಿಮೆಯಾಯಿತು, ನಿಲ್ಲಲಿಲ್ಲ.

ತರಗತಿಯಲ್ಲಿ ಹೇಳಲೇಬೇಕೆಂದು ಹಟ ಹಿಡಿದವಳೂ ಹೆಂಡತಿಯೇ. ಹೆಡ್ಮಾಸ್ಟರಿಗೆ ಮೊದಲು ಹೇಳಿದೆ. ಅವರು ಕನ್ನಡಕ ತೆಗೆದು, "ಅಯ್ಯೋ, ನಾನು ಗುಟ್ಕಾ ಅಂದ್ಬಿಟ್ನಲ್ಲ ಮಾರಾಯ್ರೆ" ಎಂದು ನನ್ನ ಕೈ ಹಿಡಿದರು. ಮಕ್ಕಳೆದುರು ನಿಂತಾಗ, ಇಷ್ಟು ವರ್ಷ ಮಾತಾಡಿಯೇ ಬದುಕಿದವನು ಎರಡೇ ಮಾತಾಡಿದೆ. "ನಂಗೆ ಮೂರ್ಛೆ ರೋಗ ಇದೆ. ನೀವು ನೋಡಿದ್ದು ಅದೇ" ಎಂದಷ್ಟೇ ಹೇಳಿ ಮೇಜು ಹಿಡಿದುಕೊಂಡೆ.

ಅಣಕಿಸಿದ ಹುಡುಗಿ ಅಳತೊಡಗಿದಳು. ಅವಳಿಗೆ ಏನಾದರೂ ಹೇಳಬೇಕಿತ್ತು, ನನಗೆ ಆಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಸಾರ್, ಹಂಗಾದಾಗ ನಾವು ಎಂತ ಮಾಡ್ಬೇಕು?" ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರವಿತ್ತು. ಹಿಡಿದು ಅಲುಗಾಡಿಸಬೇಡಿ, ಬಾಯಿಗೆ ನೀರಾಗಲಿ ಕೈಗೆ ಕಬ್ಬಿಣವಾಗಲಿ ಕೊಡಬೇಡಿ. ಹತ್ತಿರವಿರುವ ಪೆಟ್ಟಾಗುವಂಥ ವಸ್ತು ಸರಿಸಿ, ಗಡಿಯಾರ ನೋಡಿ. ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಸಾಗಿಸಬೇಕು, ಕೂಡಲೇ ಹೆಡ್ಮಾಸ್ಟರನ್ನು ಕರೆಯಿರಿ. ಕೆಲವರು ಬರೆದುಕೊಂಡರು, ಪರೀಕ್ಷೆಗೆ ಬರುತ್ತದೇನೋ ಎಂಬಂತೆ.

ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಗುರಾಗಲಿಲ್ಲ. ಎಷ್ಟೋ ದಿನ ಹಲಗೆಯ ಕಡೆಗೇ ಮುಖ ಮಾಡಿ ಪಾಠ ಮಾಡಿದೆ.

ಹೋದ ತಿಂಗಳು ಸಂಧಿ ಹೇಳಿಕೊಡುವಾಗ ಮತ್ತೆ ಬಂತು. ಎಚ್ಚರಾದಾಗ ಕುರ್ಚಿಯ ಮೇಲಿದ್ದೆ. ಅಂಗಿಯ ತುಂಬ ಸೀಮೆಸುಣ್ಣ.

"ಎರಡು ನಿಮಿಷ ಸಾರ್" ಎಂದಳು ಮುಂದಿನ ಬೆಂಚಿನವಳು. "ಲೋಪಸಂಧಿ ಮುಗಿದಿತ್ತು. ಆಗಮಸಂಧಿ ಹೇಳ್ತಿದ್ರಿ."

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಎದ್ದು, ಅಂಗಿ ಕೊಡವಿಕೊಂಡು, ಆಗಮಸಂಧಿಗೆ ಒಂದು ಉದಾಹರಣೆ ಬರೆದೆ. ಸಂಜೆ ಮನೆಗೆ ಬಂದು, ಆಪರೇಷನ್ನಿನ ಪರೀಕ್ಷೆಗೆ ಹೋಗೋಣ ಎಂದು ಹೆಂಡತಿಗೆ ನಾನಾಗಿಯೇ ಹೇಳಿದೆ.